ಕಬ್ಬಿಣದ ಪ್ರಿಯಕರ, ಕಬ್ಬಿಣದ ಕಳ್ಳ

ಶಾಲೆಯ ವಿಜ್ಞಾನ ಪಾಠದಲ್ಲಿ ನಾವೆಲ್ಲರೂ ‘ಅಯಸ್ಕಾಂತ’ ಎಂಬ ಪದವನ್ನು ಕಲಿತಿದ್ದೇವೆ. ಅದಕ್ಕೆ ಎರಡು ಧ್ರುವಗಳಿವೆ ಎಂದು ಬಾಯಿಪಾಠ ಮಾಡಿದ್ದೇವೆ. ಆದರೆ ಪದವನ್ನು ಬಿಡಿಸಿ ನೋಡಿದವರು ಕಡಿಮೆ. ‘ಅಯಸ್’ ಎಂದರೆ ಕಬ್ಬಿಣ, ‘ಕಾಂತ’ ಎಂದರೆ ಪ್ರಿಯ. ಕಬ್ಬಿಣಕ್ಕೆ ಪ್ರಿಯವಾದುದು ಅಯಸ್ಕಾಂತ. ಕಾಳಿದಾಸನ ‘ಕುಮಾರಸಂಭವ’ದ ಎರಡನೇ ಸರ್ಗದಲ್ಲಿ ಶಿವನ ಮನಸ್ಸನ್ನು ಉಮೆಯ ಕಡೆಗೆ ಸೆಳೆಯಬೇಕೆಂದು ಬ್ರಹ್ಮನು ದೇವತೆಗಳಿಗೆ ಹೇಳುವಾಗ ಬಳಸುವ ಹೋಲಿಕೆ ಇದೇ ಕಲ್ಲಿನದು. ಇಂದಿನ ಪಠ್ಯಪುಸ್ತಕಗಳ ‘ಕಾಂತಕ್ಷೇತ್ರ’, ‘ವಿದ್ಯುತ್ಕಾಂತ’ ಎಂಬ ಪದಗಳಲ್ಲಿ ಕಬ್ಬಿಣ ಉದುರಿಹೋಗಿದೆ, ಪ್ರಿಯ ಮಾತ್ರ ಉಳಿದಿದ್ದಾನೆ.

ಕೈಯಿಂದ ಮುಟ್ಟದೆ, ಹಗ್ಗ ಕಟ್ಟದೆ ಕಬ್ಬಿಣವನ್ನು ತನ್ನತ್ತ ಎಳೆದುಕೊಳ್ಳುವ ಕಲ್ಲನ್ನು ಕಂಡಾಗ ಜಗತ್ತಿನ ಬೇರೆ ಬೇರೆ ಜನ ಏನೆಂದುಕೊಂಡರು ಎಂಬುದನ್ನು ಅವರು ಇಟ್ಟ ಹೆಸರುಗಳೇ ಹೇಳುತ್ತವೆ. ಚೀನೀಯರು ಅದನ್ನು ‘ತ್ಸಿ ಶಿ’ ಎಂದರು. ಹಳೆಯ ಬರಹದಲ್ಲಿ ಅದರರ್ಥ ಮಮತೆಯ ಕಲ್ಲು. ಹಿಂದಿಯ ‘ಚುಂಬಕ’ ಮುತ್ತಿಡುವಂಥದು. ಪಾರ್ಸಿಯವರಿಗೆ ಮಾತ್ರ ಅದು ಪ್ರೇಮಿಯಾಗಿ ಕಾಣಲಿಲ್ಲ. ಅವರು ಅದನ್ನು ‘ಆಹನ್‌ರುಬಾ’ ಎಂದರು. ‘ಆಹನ್’ ಎಂದರೆ ಕಬ್ಬಿಣ, ‘ರುಬಾ’ ಎಂದರೆ ಕಸಿದುಕೊಳ್ಳುವವನು. ಉಜ್ಜಿದಾಗ ಹುಲ್ಲುಕಡ್ಡಿಯನ್ನು ಸೆಳೆಯುವ ಅಂಬರಿಗೆ ಅವರಿಟ್ಟ ಹೆಸರು ‘ಕಾಹ್‌ರುಬಾ’, ಅಂದರೆ ಹುಲ್ಲುಗಳ್ಳ. ಈ ಹುಲ್ಲುಗಳ್ಳನೇ ಅರಬಿಗೆ ಹೋಗಿ ‘ಕಹ್‌ರಬಾ’ ಆದ. ಇಂದು ಅರಬ್ ದೇಶಗಳಲ್ಲಿ ವಿದ್ಯುತ್ತಿಗೆ ಇರುವ ಹೆಸರು ಇದೇ.

ನಮ್ಮ ಹಳ್ಳಿಯ ಜನ ಪ್ರೀತಿಯ ಗೋಜಿಗೂ ಹೋಗಲಿಲ್ಲ, ಕಳ್ಳತನದ ಗೋಜಿಗೂ ಹೋಗಲಿಲ್ಲ. ಕಂಡದ್ದನ್ನು ಕಂಡಂತೆ ‘ಸೂಜಿಗಲ್ಲು’ ಎಂದರು. ತೆಲುಗಿನವರು ‘ಸೂದಂಟುರಾಯಿ’ ಎಂದರು, ಸೂಜಿ ಅಂಟುವ ಕಲ್ಲು.

ಊರಿನ ಹೆಸರು, ಕಲ್ಲಿನ ಹೆಸರು

ಉರ್ದುವಿನಲ್ಲಿ ಅಯಸ್ಕಾಂತಕ್ಕೆ ‘ಮಿಕ್ನಾತೀಸ್’ ಎನ್ನುತ್ತಾರೆ. ಇದು ಅರಬಿಯ ‘ಮಗ್ನಾತೀಸ್’. ಕೇಳಿದ ಕೂಡಲೇ ಇದು ‘ಮುಸ್ಲಿಮರ ಪದ’ ಎಂದು ಹೇಳುವವರಿದ್ದಾರೆ. ಆದರೆ ಅರಬಿಗೆ ಅದು ಬಂದದ್ದು ಗ್ರೀಕಿನಿಂದ. ಮಗ್ನೇಸಿಯ ಎಂಬ ಸೀಮೆಯ ಕಲ್ಲಾದುದರಿಂದ ಗ್ರೀಕರು ಅದಕ್ಕೆ ಆ ಹೆಸರಿಟ್ಟರು. ಆ ಹೆಸರಿನ ಒಂದು ಸೀಮೆ ಗ್ರೀಸಿನ ಥೆಸಲಿಯಲ್ಲಿತ್ತು. ಅದೇ ಹೆಸರಿನ ಊರೊಂದು ಏಷ್ಯಾ ಮೈನರಿನಲ್ಲಿತ್ತು, ಅದೇ ಇಂದಿನ ತುರ್ಕಿಯ ಮನೀಸಾ. ಇಂಗ್ಲಿಷಿನ ‘ಮ್ಯಾಗ್ನೆಟ್’ ಕೂಡ ಇದೇ ಬೇರಿನ ಚಿಗುರು. ಅಂದರೆ ಮದರಸಾದ ಮಿಕ್ನಾತೀಸ್ ಮತ್ತು ಕಾನ್ವೆಂಟಿನ ಮ್ಯಾಗ್ನೆಟ್ ಒಂದೇ ತಾಯಿಯ ಮಕ್ಕಳು.

ಊರಿನ ಕಥೆ ಸಪ್ಪೆಯೆನಿಸಿದವರು ಬೇರೊಂದು ಕಥೆ ಕಟ್ಟಿದರು. ಇಡಾ ಪರ್ವತದಲ್ಲಿ ಕುರಿ ಕಾಯುತ್ತಿದ್ದ ಮಗ್ನೇಸ್ ಎಂಬವನ ಕೆರದ ಮೊಳೆಗಳೂ ಕೋಲಿನ ತುದಿಯೂ ಬಂಡೆಗೆ ಕಚ್ಚಿಕೊಂಡವಂತೆ, ಅವನ ಹೆಸರೇ ಕಲ್ಲಿಗೆ ಬಂತಂತೆ. ಒಂದನೇ ಶತಮಾನದ ರೋಮಿನ ಪ್ಲಿನಿ ಇದನ್ನು ದಾಖಲಿಸಿದ್ದಾನೆ. ಕೇಳಲು ಸೊಗಸಾಗಿದೆ. ಪದಗಳ ವಿಷಯದಲ್ಲಿ ನಾವು ಎಚ್ಚರದಿಂದಿರಬೇಕಾದುದು ಇಂತಹ ಸೊಗಸಿನ ಮುಂದೆಯೇ.

ವಜ್ರವೋ, ಅಯಸ್ಕಾಂತವೋ?

ಇದಕ್ಕೆ ಒಳ್ಳೆಯ ಉದಾಹರಣೆ ಅಯಸ್ಕಾಂತದ ಇನ್ನೊಂದು ಹಳೆಯ ಹೆಸರು, ‘ಅದಮಾಸ್’. ಗ್ರೀಕಿನಲ್ಲಿ ಇದರ ಅರ್ಥ ಮಣಿಸಲಾಗದ್ದು. ಮೊದಲು ಅತಿ ಗಟ್ಟಿಯಾದ ಲೋಹಕ್ಕೂ ಮುಂದೆ ವಜ್ರಕ್ಕೂ ಈ ಹೆಸರು ಸಂದಿತು. ವಜ್ರವನ್ನು ಹತ್ತಿರವಿಟ್ಟರೆ ಅಯಸ್ಕಾಂತದ ಸೆಳೆತ ನಿಂತುಹೋಗುತ್ತದೆ ಎಂದು ಪ್ಲಿನಿ ಬರೆದಿದ್ದ. ಎರಡು ಕಲ್ಲುಗಳೂ ಒಂದೇ ಕಥೆಯಲ್ಲಿ ಜೊತೆಯಾಗಿ ಬರುತ್ತಿದ್ದುದರಿಂದ ಮಧ್ಯಯುಗದ ಯುರೋಪಿನಲ್ಲಿ ಒಂದರ ಹೆಸರು ಇನ್ನೊಂದಕ್ಕೂ ಅಂಟಿಕೊಂಡಿತು. ಇದಕ್ಕೆ ಲ್ಯಾಟಿನ್ನಿನ ‘ಅದಮಾರೆ’ ಎಂಬ ಕ್ರಿಯಾಪದವೂ ಇಂಬು ಕೊಟ್ಟಿತು. ಅದರ ಅರ್ಥ ಮನಸೋಲು, ಪ್ರೀತಿಸು. ‘ಅದಮಾಸ್’ ಬಂದದ್ದು ‘ಅದಮಾರೆ’ಯಿಂದಲೇ, ಅದು ಪ್ರೀತಿಸುವ ಕಲ್ಲು ಎಂದು ಓದಿದವರೂ ನಂಬಿದರು. ಫ್ರೆಂಚರು ಇಂದಿಗೂ ಅಯಸ್ಕಾಂತವನ್ನು ‘ಎಮಾಂ’ ಎನ್ನುತ್ತಾರೆ. ಅವರ ಭಾಷೆಯಲ್ಲಿ ‘ಪ್ರೀತಿಸುವ’ ಎಂಬ ಪದಕ್ಕೂ ಉಚ್ಚಾರಣೆ, ಕಾಗುಣಿತ ಎರಡೂ ಅದೇ. ಆದರೆ ಕಲ್ಲಿನ ಹೆಸರು ಪ್ರೀತಿಯಿಂದ ಹುಟ್ಟಿದ್ದಲ್ಲ, ‘ಅದಮಾಸ್’ ಸವೆದು ಆದದ್ದು.

ಸವೆದ ಬಗೆಯೂ ಕುತೂಹಲಕರ. ಆಡುನುಡಿಯಲ್ಲಿ ‘ಅದಮಾಸ್’ ಎಂಬುದು ‘ಅದಿಮಾಸ್’ ಆಯಿತೆಂದು ಭಾಷಾತಜ್ಞರು ಊಹಿಸುತ್ತಾರೆ. ಮುಂದೆ ವಜ್ರಕ್ಕೆ ‘ದಿಯಾಮಾಸ್’ ಎಂಬ ರೂಪ ಬಂತು. ರೋಮನ್ ಲಿಪಿಯಲ್ಲಿ ಈ ಎರಡು ಪದಗಳಿಗೂ ಇರುವುದು ಅವೇ ಆರು ಅಕ್ಷರಗಳು. ಮೊದಲ ‘ಎ’ ಎರಡು ಹೆಜ್ಜೆ ಹಿಂದೆ ಸರಿದರೆ ಒಂದು ಇನ್ನೊಂದಾಗುತ್ತದೆ. ಮಕ್ಕಳ ಅಕ್ಷರಪಲ್ಲಟದ ಆಟದಂತಿರುವ ಈ ಜೋಡಿಯಲ್ಲಿ ಒಂದರಿಂದ ಫ್ರೆಂಚರ ಅಯಸ್ಕಾಂತ ಹುಟ್ಟಿತು, ಇನ್ನೊಂದರಿಂದ ಇಂಗ್ಲಿಷರ ‘ಡೈಮಂಡ್’ ಹುಟ್ಟಿತು. ಅದೇ ಗ್ರೀಕ್ ಪದ ಪೂರ್ವಕ್ಕೆ ಬಂದು ‘ಅಲ್ಮಾಸ್’ ಆಯಿತು, ವಜ್ರದ ಅರ್ಥವನ್ನೇ ಉಳಿಸಿಕೊಂಡಿತು. ಅದರ ಮೊದಲಿನ ‘ಅಲ್’ ತಮ್ಮ ಭಾಷೆಯ ಪ್ರತ್ಯಯವೆಂದು ಅರಬರು ತಿಳಿದರು. ಅದನ್ನು ಕಳಚಿ ಬರೀ ‘ಮಾಸ್’ ಎಂದೂ ಬಳಸಿದರು. ಕಿವಿ ಮೋಸಹೋಗುವುದರಲ್ಲಿ ಪೂರ್ವ, ಪಶ್ಚಿಮ ಎಂಬ ಭೇದವಿಲ್ಲ.

ವಜ್ರವು ಅಯಸ್ಕಾಂತವನ್ನು ಸೋಲಿಸುತ್ತದೆಂಬ ಮಾತು ಸಾವಿರದೈನೂರು ವರ್ಷ ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂತು. ಇಟಲಿಯ ಜಿಯಾಂಬಟಿಸ್ಟಾ ಡೆಲ್ಲಾ ಪೋರ್ಟಾ ಪರೀಕ್ಷಿಸಿ ನೋಡಿ ಇದು ಸುಳ್ಳೆಂದು 1589ರಲ್ಲಿ ಬರೆದ. ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 75 ವಜ್ರಗಳನ್ನು ತಂದು ಸಾಕ್ಷಿಗಳ ಮುಂದೆ ಪ್ರಯೋಗ ಮಾಡಿ, 1600ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅದರ ವಿವರ ಕೊಟ್ಟ. ವಜ್ರವನ್ನು ಉಜ್ಜಿದರೆ ಕಬ್ಬಿಣಕ್ಕೆ ಕಾಂತಗುಣ ಬರುತ್ತದೆಂಬ ಮಾತು ಆ ಪ್ರಯೋಗದಲ್ಲಿ ಸುಳ್ಳಾಯಿತು. ಆ ಕಾಲದಲ್ಲಿ ಯುರೋಪಿಗೆ ವಜ್ರ ಹೋಗುತ್ತಿದ್ದುದು ಮುಖ್ಯವಾಗಿ ಭಾರತದಿಂದ, ಅದರಲ್ಲೂ ನಮ್ಮ ದಖ್ಖನಿನ ಗಣಿಗಳಿಂದ. ಹಳೆಯ ಸುಳ್ಳೊಂದನ್ನು ಮುರಿಯಲು ನಮ್ಮ ನೆಲದ ಕಲ್ಲೂ ನೆರವಾಗಿರಬಹುದು.

ಪದಗಳಿಗೆ ಜಾತಿ ಉಂಟೇ?

ಪದಗಳನ್ನು ಧರ್ಮದ ಹೆಸರಿನಲ್ಲಿ ವಿಂಗಡಿಸುವ ಚಟ ನಮ್ಮಲ್ಲಿ ಬೆಳೆದಿದೆ. ಇದು ಅವರದು, ಇದು ನಮ್ಮದು, ಇದನ್ನು ಭಾಷೆಯಿಂದ ಹೊರಹಾಕಿ ಎಂಬ ಮಾತುಗಳನ್ನು ಕೇಳುತ್ತಿದ್ದೇವೆ. ಅಷ್ಟೇ ಹುರುಪಿನಿಂದ, ಎರಡು ಪದಗಳು ಒಂದೇ ಬಗೆಯಲ್ಲಿ ಕೇಳಿಸಿದರೆ ಸಾಕು, ಇಡೀ ಜಗತ್ತು ನಮ್ಮಿಂದಲೇ ಕಲಿಯಿತು ಎಂದು ಸಾರುವವರೂ ಎಲ್ಲ ಸಮುದಾಯಗಳಲ್ಲಿದ್ದಾರೆ. ‘ಅದಮಾರೆ’ಯನ್ನು ನಂಬಿದವರು ಮಾಡಿದ್ದೂ ಇದನ್ನೇ. ಗಿಲ್ಬರ್ಟ್ ವಜ್ರವನ್ನು ಪರೀಕ್ಷಿಸಿದಂತೆ ಪದವನ್ನೂ ಪರೀಕ್ಷಿಸಬೇಕು: ಅದು ಯಾವ ದಾರಿಯಲ್ಲಿ ಬಂತು, ಯಾವ ಕಾಲದಲ್ಲಿ ಯಾವ ರೂಪದಲ್ಲಿತ್ತು, ದಾಖಲೆ ಏನು ಹೇಳುತ್ತದೆ ಎಂದು ಕೇಳಬೇಕು.

ಹಾಗೆ ಕೇಳಿದರೆ ನಮ್ಮ ಅಪ್ಪಟ ‘ಸೂಜಿಗಲ್ಲು’ ಕೂಡ ಎರಡಾಗಿ ಬಿಡಿಸಿಕೊಳ್ಳುತ್ತದೆ. ಅದರಲ್ಲಿ ಕಲ್ಲು ಕನ್ನಡದ್ದು. ಸೂಜಿ ಸಂಸ್ಕೃತದ ‘ಸೂಚಿ’ಯಿಂದ ಬಂದದ್ದು. ಎರಡೂ ಎಷ್ಟೋ ಕಾಲದಿಂದ ಅಂಟಿಕೊಂಡೇ ಇವೆ. ಅವನ್ನು ಕಿತ್ತು ಬೇರೆ ಮಾಡಿದರೆ ಉಳಿಯುವುದು ಒಂದು ಸೂಜಿ ಮತ್ತು ಒಂದು ಕಲ್ಲು ಮಾತ್ರ, ಸೆಳೆತವಿರುವುದಿಲ್ಲ.