ಮೈ ಒಬ್ಬರದು, ದನಿ ಇನ್ನೊಬ್ಬರದು: ಕಂಪನಿ ನಾಟಕ ತೆರೆಗೆ ಹೋದ ಮೇಲೆ

ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ಈ ನಾಲ್ಕು ತಾಲ್ಲೂಕುಗಳ ಯಾವುದಾದರೂ ಊರಿನಲ್ಲಿ ‘ಕುರುಕ್ಷೇತ್ರ’ ನಾಟಕ ಆಡಬೇಕೆಂದು ತೀರ್ಮಾನವಾಯಿತೆನ್ನಿ. ಸೀನರಿ ಎಲ್ಲಿಂದ ತರಿಸುವುದು, ದ್ರೌಪದಿ ಪಾತ್ರಕ್ಕೆ ಯಾರನ್ನು ಕರೆಸುವುದು ಎಂಬ ಮಾತೆಲ್ಲ ಆಮೇಲೆ. ಮೊದಲು ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಬೇಕು. ಮೇಷ್ಟ್ರು ಬಂದು ಕುಳಿತು, ಪಾರ್ಟು ಕೇಳಲು ಬಂದವನ ಎತ್ತರ, ಮೀಸೆ ನೋಡುವ ಮುಂಚೆಯೇ “ಎಲ್ಲಿ, ಒಂದು ಕಂದ ಹೇಳಪ್ಪ ನೋಡಾನ” ಎನ್ನುತ್ತಾರೆ. ದುರ್ಯೋಧನನ ಪಾರ್ಟಿಗೆ ಹೆಚ್ಚು ದುಡ್ಡು ಹಾಕುವವನು ಸಿಗಬಹುದು. ಆದರೆ ದುಡ್ಡು ಕೊಟ್ಟವನಿಗೆ ಶ್ರುತಿ ತಾನಾಗಿ ಸಿಕ್ಕುವುದಿಲ್ಲ. ತಿಂಗಳುಗಟ್ಟಲೆ ತಾಲೀಮು ನಡೆಯುವುದು ಮುಖ್ಯವಾಗಿ ಇದಕ್ಕಾಗಿ: ಪಾತ್ರ ಹಾಕುವವನೇ ಹಾಡಬೇಕು.

ನಮಗೆ ಇದು ಸಹಜವೆನಿಸಿ, ಯಾರೂ ಇದನ್ನೊಂದು ನಿಯಮ ಎಂದು ಕರೆಯುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಸಂಗೀತ ನಾಟಕಗಳು ಎಲ್ಲೆಲ್ಲಿ ಸಿನಿಮಾ ಆದವೋ ಅಲ್ಲಲ್ಲಿ ಮೊದಲು ಸಡಿಲವಾದದ್ದು ಈ ನಿಯಮವೇ. ಕನ್ನಡದಲ್ಲೂ ಹಾಲಿವುಡ್ಡಿನಲ್ಲೂ ಇದು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ನಡೆಯಿತು. ಕಂಪನಿ ನಾಟಕದ ಚರಿತ್ರೆ ಬರೆಯುವವರಿಗೆ ಈ ನಾಲ್ಕು ತಾಲ್ಲೂಕುಗಳ ಹಳ್ಳಿ ರಂಗ ಏಕೆ ಮುಖ್ಯ ಎಂಬುದೂ ಅದರಿಂದಲೇ ತಿಳಿಯುತ್ತದೆ.

ಕಂಪನಿ ನಾಟಕ ಎಂದರೆ ಹಾಡು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ನಾಟಕ ಸಭೆ ಹುಟ್ಟಿದಾಗಲೂ, 1884ರಲ್ಲಿ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ ಆರಂಭವಾದಾಗಲೂ, ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ ಊರೂರು ಸುತ್ತಿದಾಗಲೂ ಜನ ಗಾಡಿ ಕಟ್ಟಿಕೊಂಡು ಹೋದದ್ದು ಕೇಳುವುದಕ್ಕೆ. ನಟ ಮಾತಿನ ನಡುವೆ ಕಂದಕ್ಕೆ ಏರುತ್ತಿದ್ದ, ಕಂದದಿಂದ ಹಾಡಿಗೆ ಇಳಿಯುತ್ತಿದ್ದ. ಹಾಡು ಚೆನ್ನಾಗಿ ಬಂದರೆ ಸಭೆಯಿಂದ ‘ಒನ್ಸ್ ಮೋರ್’ ಕೂಗು ಏಳುತ್ತಿತ್ತು. ಸತ್ತು ಬಿದ್ದ ಪಾತ್ರಧಾರಿಯೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕಾಗುತ್ತಿತ್ತು ಎಂದು ಈಗ ನಗುತ್ತೇವೆ. ಆದರೆ ಪ್ರೇಕ್ಷಕರಿಗೆ ಅಲ್ಲಿ ಕಥೆಯಷ್ಟೇ ನಟನ ದೇಹವೂ ಮುಖ್ಯವಾಗಿತ್ತು. ಆ ಎದೆಯಿಂದಲೇ ಆ ದನಿ ಬರುತ್ತಿದೆ ಎಂಬುದನ್ನು ಅವರು ಕಣ್ಣಾರೆ ಕಾಣುತ್ತಿದ್ದರು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ವೈ.ವಿ. ರಾವ್ ನಿರ್ದೇಶಿಸಿದ ಆ ಚಿತ್ರದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಅದರಲ್ಲಿದ್ದ ಎಂ.ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಇಬ್ಬರೂ ರಂಗಭೂಮಿಯವರು. ಮಾತು, ಹಾಡು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಕಂಪನಿಗಳಿಗೆ ನಾಟಕ ಬರೆದುಕೊಡುತ್ತಿದ್ದವರು. ಮರುವರ್ಷ ಗುಬ್ಬಿ ವೀರಣ್ಣನವರ ‘ಸದಾರಮೆ’ ತೆರೆಗೆ ಬಂತು. ಅದು ಅವರ ಕಂಪನಿ ಸಾವಿರಾರು ಜನರ ಮುಂದೆ ಆಡಿ ಗೆದ್ದ ನಾಟಕ. 1936ರ ‘ಸಂಸಾರ ನೌಕೆ’ಯೂ ರಂಗದಿಂದಲೇ ಬಂದದ್ದು. ಅದನ್ನು ತೆರೆಗೆ ತಂದ ಎಚ್.ಎಲ್.ಎನ್. ಸಿಂಹ ನಾಟಕದವರು. ಒಟ್ಟಿನಲ್ಲಿ ಕನ್ನಡ ಸಿನಿಮಾದ ಮೊದಲ ವರ್ಷಗಳು ಕಂಪನಿ ನಾಟಕದ ಮುಂದುವರಿದ ಭಾಗ.

ಆ ಮೊದಲ ವರ್ಷಗಳಲ್ಲಿ ಹಾಡು ಮತ್ತು ನಟನೆ ಇನ್ನೂ ಬೇರೆಯಾಗಿರಲಿಲ್ಲ. ಕ್ಯಾಮೆರಾ ಓಡುತ್ತಿದ್ದಾಗಲೇ ನಟ ಹಾಡುತ್ತಿದ್ದ, ವಾದ್ಯದವರು ಚೌಕಟ್ಟಿನ ಆಚೆ ಕುಳಿತು ನುಡಿಸುತ್ತಿದ್ದರು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು ನಿತಿನ್ ಬೋಸ್ ನಿರ್ದೇಶನದ ‘ಭಾಗ್ಯಚಕ್ರ’ ಮತ್ತು ಅದರ ಹಿಂದಿ ರೂಪ ‘ಧೂಪ್ ಛಾಂವ್’ನಲ್ಲಿ ಹಾಡನ್ನು ಮೊದಲೇ ಧ್ವನಿಮುದ್ರಿಸಿಕೊಂಡು, ಅದಕ್ಕೆ ತುಟಿ ಆಡಿಸುವ ಕ್ರಮವನ್ನು ತಂದರು. ಅದರಿಂದ ಅನುಕೂಲವೂ ಇತ್ತು. ಹಾಡುವಾಗ ಕ್ಯಾಮೆರಾ ಎಲ್ಲಿ ಬೇಕಾದರೂ ಓಡಾಡಬಹುದು, ನಟಿ ಕುಣಿಯುತ್ತ ಏದುಸಿರು ಬಿಡಬೇಕಿಲ್ಲ, ಶ್ರುತಿ ತಪ್ಪಿದರೆ ಇನ್ನೊಮ್ಮೆ ಮುದ್ರಿಸಬಹುದು. ಆದರೆ ಹಾಡು ಮೊದಲೇ ಮುದ್ರಣವಾಗುವುದಾದರೆ ಅದನ್ನು ನಟನೇ ಹಾಡಬೇಕೆಂದೇನಿಲ್ಲವಲ್ಲ? ಹಿನ್ನೆಲೆ ಗಾಯನಕ್ಕೆ ಬಾಗಿಲು ತೆರೆದದ್ದು ಈ ಪ್ರಶ್ನೆ.

ಕನ್ನಡದಲ್ಲಿ ಇದರ ದೊಡ್ಡ ಉದಾಹರಣೆ 1954ರ ‘ಬೇಡರ ಕಣ್ಣಪ್ಪ’. ಗುಬ್ಬಿ ಕಂಪನಿ ಆಡುತ್ತಿದ್ದ ನಾಟಕದ ಬೆನ್ನು ಹಿಡಿದು ಜಿ.ವಿ. ಅಯ್ಯರ್ ಬರೆದು, ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಚಿತ್ರ. ನಾಯಕ, ಗಾಜನೂರಿನ ಮುತ್ತುರಾಜ್. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ಹೆಸರಾಂತ ನಟರು, ಮಗ ಬೆಳೆದದ್ದು ಅದೇ ಬಿಡಾರದಲ್ಲಿ. ಹಾಡುತ್ತಲೇ ನಟಿಸುವುದನ್ನು ಕಲಿತ ಹುಡುಗ ರಾಜಕುಮಾರ್ ಎಂಬ ಹೆಸರಿನಲ್ಲಿ ತೆರೆಯ ಮೇಲೆ ಬಂದ. ಆದರೆ ಶಿವನ ಮುಂದೆ ನಿಂತ ಕಣ್ಣಪ್ಪನ ಬಾಯಿಂದ ನಾವು ಕೇಳುವುದು ತಮಿಳಿನ ಗಾಯಕ ಸಿ.ಎಸ್. ಜಯರಾಮನ್ ಅವರ ದನಿ. ಆ ಹಾಡು ಇಂದಿಗೂ ದೇವಸ್ಥಾನದ ಮೈಕಿನಲ್ಲಿ ಕೇಳುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ನಾಟಕ ಸಿನಿಮಾ ಆದಾಗ ನಟನೂ ಬಂದ, ಕಥೆಯೂ ಬಂತು, ನಟನ ಹಾಡು ಮಾತ್ರ ರಂಗದಲ್ಲೇ ಉಳಿಯಿತು ಎಂಬುದನ್ನು ಗಮನಿಸಬೇಕು ಅಷ್ಟೆ.

ಹತ್ತು ವರ್ಷಗಳ ನಂತರ ಹಾಲಿವುಡ್ಡಿನಲ್ಲಿ ಇದೇ ಪ್ರಶ್ನೆ ದೊಡ್ಡ ಗದ್ದಲವಾಯಿತು. ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ಆಧರಿಸಿ ಅಲನ್ ಜೇ ಲರ್ನರ್ ಮತ್ತು ಫ್ರೆಡರಿಕ್ ಲೋ ಕಟ್ಟಿದ ಸಂಗೀತ ನಾಟಕ ‘ಮೈ ಫೇರ್ ಲೇಡಿ’ 1956ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂತು. ಹೂ ಮಾರುವ ಎಲೈಜಾ ಪಾತ್ರದಲ್ಲಿ ಹಾಡಿ ಹೆಸರಾದವರು ಜೂಲಿ ಆಂಡ್ರ್ಯೂಸ್. 1964ರಲ್ಲಿ ಜಾರ್ಜ್ ಕ್ಯೂಕರ್ ಅದನ್ನು ಚಿತ್ರ ಮಾಡಿದಾಗ ನಿರ್ಮಾಪಕ ಜ್ಯಾಕ್ ವಾರ್ನರ್ ಆಕೆಯನ್ನು ಬಿಟ್ಟು, ಆಗಲೇ ತಾರೆಯಾಗಿದ್ದ ಆಡ್ರಿ ಹೆಪ್‌ಬರ್ನ್ ಅವರನ್ನು ಆರಿಸಿದರು. ಹೆಪ್‌ಬರ್ನ್ ಹಾಡುಗಳಿಗಾಗಿ ಶ್ರಮಪಟ್ಟು ತಯಾರಾದರು, ಮುದ್ರಿಸಿಯೂ ಕೊಟ್ಟರು. ಆದರೆ ಚಿತ್ರದಲ್ಲಿ ಬಹುಪಾಲು ಕೇಳುವುದು ಮಾರ್ನಿ ನಿಕ್ಸನ್ ಎಂಬ ಗಾಯಕಿಯ ದನಿ. ‘ದಿ ಕಿಂಗ್ ಅಂಡ್ ಐ’ನಲ್ಲಿ ಡೆಬೊರಾ ಕೆರ್ ಅವರಿಗೆ, ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನಟಾಲಿ ವುಡ್ ಅವರಿಗೆ ಹಾಡಿದ್ದವರೂ ಆಕೆಯೇ. ತೆರೆಯ ಮೇಲೆ ಅವರ ಹೆಸರಿರಲಿಲ್ಲ.

ಒಬ್ಬ ಪ್ರೊಫೆಸರ್ ಬೀದಿಯ ಹುಡುಗಿಯ ಉಚ್ಚಾರ ತಿದ್ದಿ ಅವಳನ್ನು ದೊಡ್ಡ ಮನೆತನದ ಹೆಣ್ಣಿನಂತೆ ತೋರಿಸುವುದೇ ಈ ನಾಟಕದ ಕಥೆ. ಅಂಥ ಕಥೆಯ ನಾಯಕಿಗೇ ಬೇರೆಯವರ ದನಿ ಹಚ್ಚಿದರು. ಅದೇ ಚಿತ್ರದಲ್ಲಿ ಪ್ರೊಫೆಸರನಾಗಿದ್ದ ರೆಕ್ಸ್ ಹ್ಯಾರಿಸನ್ ಬ್ರಾಡ್‌ವೇಯಲ್ಲೂ ಆ ಪಾತ್ರ ಮಾಡಿದ್ದವರು. ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸಲು ಅವರು ಒಪ್ಪಲಿಲ್ಲ. ಕೊರಳ ಟೈಯೊಳಗೆ ವೈರ್‌ಲೆಸ್ ಮೈಕ್ ಅಡಗಿಸಿ, ಚಿತ್ರೀಕರಣದ ಹೊತ್ತಿನಲ್ಲೇ ಹಾಡಿದ್ದನ್ನು ಹಿಡಿದರು. ಪ್ರತಿ ಸಲವೂ ತಾನು ಬೇರೆ ಬೇರೆ ರೀತಿ ಹೇಳುತ್ತೇನೆ ಎಂಬುದು ಅವರ ವಾದ. ನಮ್ಮ ಹಳ್ಳಿಯ ದುರ್ಯೋಧನನೂ ಇದನ್ನೇ ಹೇಳುತ್ತಾನೆ. ಆ ವರ್ಷದ ಆಸ್ಕರ್‌ನಲ್ಲಿ ಚಿತ್ರಕ್ಕೆ 8 ಪ್ರಶಸ್ತಿ ಬಂದವು, ಹ್ಯಾರಿಸನ್ ಶ್ರೇಷ್ಠ ನಟರಾದರು. ಹೆಪ್‌ಬರ್ನ್ ಹೆಸರು ನಾಮನಿರ್ದೇಶನದ ಪಟ್ಟಿಯಲ್ಲೇ ಇರಲಿಲ್ಲ. ಶ್ರೇಷ್ಠ ನಟಿ ಪ್ರಶಸ್ತಿ ‘ಮೇರಿ ಪಾಪಿನ್ಸ್’ಗಾಗಿ ಜೂಲಿ ಆಂಡ್ರ್ಯೂಸ್ ಅವರ ಪಾಲಾಯಿತು.

ಹಾಲಿವುಡ್ ದನಿಯ ಒಡತಿಯನ್ನು ಮರೆಮಾಡಿತು. ಕನ್ನಡ ಸಿನಿಮಾ ಹಾಗೆ ಮಾಡಲಿಲ್ಲ, ಹಿನ್ನೆಲೆ ಗಾಯಕರಿಗೆ ಹೆಸರು ಕೊಟ್ಟಿತು. ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸ್ ಎರಡು ದಶಕ ರಾಜಕುಮಾರ್ ಅವರ ದನಿಯಾಗಿ ಮನೆಮಾತಾದರು. ಈ ನಡುವೆ ‘ಓಹಿಲೇಶ್ವರ’ (1956), ‘ಮಹಿಷಾಸುರ ಮರ್ದಿನಿ’ (1959) ಚಿತ್ರಗಳಲ್ಲಿ ರಾಜಕುಮಾರ್ ಹಾಡಿದ್ದುಂಟು, ಆದರೆ ಅದು ರೂಢಿಯಾಗಲಿಲ್ಲ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಹೊತ್ತಿಗೆ ಶ್ರೀನಿವಾಸ್ ಸಿಗದೆ ಹೋದಾಗ, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ನಾಯಕನಿಂದಲೇ ಹಾಡಿಸಿದರು. ಎಮ್ಮೆಯ ಮೇಲೆ ಕುಳಿತು ಹಾಡುವ ಆ ಹಾಡು ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಆ ಚಿತ್ರವೂ ನಾಟಕದಿಂದಲೇ ಬಂದದ್ದು, ಪಿ.ಬಿ. ಧುತ್ತರಗಿಯವರ ಅದೇ ಹೆಸರಿನ ಕಂಪನಿ ನಾಟಕದಿಂದ. 1954ರಲ್ಲಿ ನಾಟಕವೊಂದು ತೆರೆಗೆ ಬರುವಾಗ ಬೇರೆಯಾದ ಮೈ ಮತ್ತು ದನಿ, 20 ವರ್ಷದ ಮೇಲೆ ಇನ್ನೊಂದು ನಾಟಕ ತೆರೆಗೆ ಬರುವಾಗ ಒಂದಾದವು. ಮುಂದೆ ‘ಜೀವನ ಚೈತ್ರ’ (1992) ಚಿತ್ರದ ಗಾಯನಕ್ಕಾಗಿ ರಾಜಕುಮಾರ್ ರಾಷ್ಟ್ರಪ್ರಶಸ್ತಿ ಪಡೆದರು.

ಆದರೂ ಇದು ಒಬ್ಬ ಮಹಾನಟನ ವಿಷಯದಲ್ಲಿ ನಡೆದದ್ದು. ಉಳಿದ ಕಂಪನಿ ನಟರ ದನಿ ಎಲ್ಲಿದೆ? ‘ಸತಿ ಸುಲೋಚನ’ದ ಪ್ರತಿ ಉಳಿದಿಲ್ಲ. ರಂಗಗೀತೆಗಳ ಗ್ರಾಮಾಫೋನ್ ತಟ್ಟೆಗಳಿವೆ. ಆದರೆ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುವುದು ಸುಮಾರು ಮೂರು ನಿಮಿಷದ ಹಾಡು. ಅದರಲ್ಲಿ ಮಾತಿನಿಂದ ಕಂದಕ್ಕೆ ಏರುವ ಜಾಗವಿಲ್ಲ, ಒನ್ಸ್ ಮೋರ್ ಇಲ್ಲ, ಎದುರು ಪಾತ್ರ ಹಾಡಿನಲ್ಲೇ ಉತ್ತರ ಕೊಡುವ ಜಿದ್ದಿಲ್ಲ. ಅಚ್ಚಾದ ನಾಟಕ ಪುಸ್ತಕಗಳಲ್ಲಿ ಸಾಹಿತ್ಯವಿದೆ, ರಾಗ ತಾಳದ ಹೆಸರಿದೆ, ಹಾಡುವ ಕ್ರಮವಿಲ್ಲ.

ಆ ಕ್ರಮ ಗುರುವಿನಿಂದ ಶಿಷ್ಯನಿಗೆ ಬಾಯಿಂದ ಬಾಯಿಗೆ ದಾಟಿಕೊಂಡು ಬಂದಿರುವುದು ಹಾರ್ಮೋನಿಯಂ ಮೇಷ್ಟ್ರುಗಳಲ್ಲಿ. ಮೈಸೂರಿನಲ್ಲಿ ಕ್ಯಾಂಪು ಹಾಕಿದ ಕಂಪನಿಗಳ ನಾಟಕ ನೋಡಲು ಪಕ್ಕದ ಶ್ರೀರಂಗಪಟ್ಟಣ, ಪಾಂಡವಪುರಗಳ ಜನಕ್ಕೆ ದಾರಿ ದೂರವಿರಲಿಲ್ಲ. ನೋಡಿ ಬಂದವರು ಊರಲ್ಲಿ ತಾವೇ ಆಡಿದರು. ಪಾಂಡವರು ತಂಗಿದ್ದರೆಂದು ಹೇಳುವ ಕುಂತಿಬೆಟ್ಟದ ಸೀಮೆಯಲ್ಲಿ ‘ಕುರುಕ್ಷೇತ್ರ’ಕ್ಕೆ ಪ್ರೇಕ್ಷಕರ ಕೊರತೆಯೂ ಇಲ್ಲ. ಕಬ್ಬು, ಭತ್ತದ ಕೆಲಸ ಮುಗಿದು ಜಾತ್ರೆಗಳ ಕಾಲ ಬಂದರೆ ಈಗಲೂ ರಾತ್ರಿಯಿಡೀ ನಾಟಕ. ಒಂದೇ ರಾತ್ರಿಗೆ ಇಬ್ಬರು, ಮೂವರು ಕೃಷ್ಣರು ಪಾರ್ಟು ಹಂಚಿಕೊಳ್ಳುವುದೂ ಉಂಟು. ಅಷ್ಟೂ ಜನ ಸ್ವಂತ ದನಿಯಲ್ಲೇ ಹಾಡುತ್ತಾರೆ.

ಹಾಗೆಂದು ಹಳ್ಳಿಯ ನಾಟಕ ಕಂಪನಿ ನಾಟಕದ ಕಲಬೆರಕೆಯಿಲ್ಲದ ಪ್ರತಿ ಎಂದು ತಿಳಿಯಬಾರದು. ಸಿನಿಮಾ ಇಲ್ಲಿಗೆ ತಿರುಗಿ ಬಂದಿದೆ. ಪಾತ್ರಧಾರಿಗಳ ನೋಟ್‌ಬುಕ್ ತೆರೆದರೆ ಒಂದು ಹಾಡಿನ ಮೇಲೆ ರಾಗದ ಹೆಸರು, ಇನ್ನೊಂದರ ಮೇಲೆ ಹಳೆಯ ರಂಗಗೀತೆಯ ಮಟ್ಟು, ಮತ್ತೊಂದರ ಮೇಲೆ ಯಾವುದೋ ಸಿನಿಮಾ ಹಾಡಿನ ಮಟ್ಟು ಎಂದು ಬರೆದಿರುತ್ತದೆ. ಇದನ್ನು ಕೆಲವರು ಕೆಡುಕು ಎನ್ನುತ್ತಾರೆ. ನನಗೆ ಅದು ದಾಖಲೆ. ಯಾವ ಕಾಲದ ಚಿತ್ರದ ಮಟ್ಟು ಯಾವ ಪಾತ್ರಕ್ಕೆ ಸೇರಿತು, ಕಂದಗಳು ಮಾತ್ರ ಏಕೆ ಬದಲಾಗದೆ ಉಳಿದವು ಎಂದು ನೋಡುತ್ತ ಹೋದರೆ, ರಂಗ ಮತ್ತು ತೆರೆ ಪರಸ್ಪರ ಏನು ಕೊಟ್ಟು ಏನು ಪಡೆದವು ಎಂಬುದು ಪುಟಪುಟದಲ್ಲಿ ಸಿಗುತ್ತದೆ.

ಇದೇ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ (1905–1998) ಹಾಡಿಯೇ ಆಡಬೇಕಾದ ನಾಟಕಗಳನ್ನು ಬರೆದರು. ಅವರ ‘ಗೋಕುಲ ನಿರ್ಗಮನ’ವನ್ನು ಮೈಸೂರಿನ ರಂಗಾಯಣದಲ್ಲಿ ಕಟ್ಟಿದವರು ಬಿ.ವಿ. ಕಾರಂತರು. ಕಾರಂತರು ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದವರು, ಮುಂದೆ ಸಿನಿಮಾ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ಸ್ಟುಡಿಯೋದಲ್ಲಿ ಏನೆಲ್ಲ ಸಾಧ್ಯ ಎಂಬುದು ಅವರಿಗೆ ಗೊತ್ತಿತ್ತು. ಆದರೂ ರಂಗದ ಮೇಲೆ ಅವರು ಕೇಳಿದ್ದು ಹಾಡುವ ನಟರನ್ನೇ, ಸಂಗೀತ ಕಲಿತವರಲ್ಲದಿದ್ದರೂ ಸರಿ.

ಕಾಲು ಹಾರ್ಮೋನಿಯಂ ಇದ್ದ ಕಡೆ ಈಗ ಕೀಬೋರ್ಡು, ರಿದಂ ಪ್ಯಾಡು ಬಂದಿವೆ. ಯೂಟ್ಯೂಬಿನಲ್ಲಿ ಹಳ್ಳಿ ನಾಟಕಗಳ ರಾತ್ರಿಯಿಡೀ ವಿಡಿಯೋ ಸಿಗುತ್ತದೆ. ಅದು ಒಳ್ಳೆಯದೇ, ಆದರೆ ಅದರಲ್ಲಿ ಕಾಣುವುದು ಪ್ರದರ್ಶನ ಮಾತ್ರ. ಕಲಿಸುವ ಕ್ರಮ ಇರುವುದು ತಾಲೀಮಿನಲ್ಲಿ: ಓದು ಬಾರದವನಿಗೂ ಕಂದದ ಪದ ಬಿಡಿಸಿ ಹೇಳಿಕೊಡುವುದರಲ್ಲಿ, ಶ್ರುತಿಗೆ ಬಾರದ ಗಂಟಲನ್ನು ಮೂರು ತಿಂಗಳಲ್ಲಿ ದಾರಿಗೆ ತರುವುದರಲ್ಲಿ. ಅದನ್ನು ಧ್ವನಿಮುದ್ರಿಸಿ, ಮಟ್ಟುಗಳ ಮೂಲ ಕೇಳಿ ಬರೆದಿಡುವ ಕೆಲಸಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಈ ನಾಲ್ಕು ತಾಲ್ಲೂಕುಗಳಿಂದ ಬಂದು ಕನ್ನಡ ಎಂ.ಎ. ಓದುತ್ತಿರುವವರು ನಮ್ಮ ನಡುವೆ ಎಷ್ಟೋ ಜನ ಇದ್ದಾರೆ. ಮುಂದಿನ ಸಲ ಊರಿಗೆ ಹೋದಾಗ ಒಂದು ಸಂಜೆ ತಾಲೀಮಿನ ಮನೆಗೆ ಹೋಗಿ ಕೂರಿ. ಮೇಷ್ಟ್ರನ್ನು ‘ಇದು ಯಾರ ಮಟ್ಟು, ನಿಮಗೆ ಯಾರು ಹೇಳಿಕೊಟ್ಟರು’ ಎಂದು ಕೇಳಿ, ಹೇಳಿದ್ದನ್ನು ದಿನಾಂಕ ಹಾಕಿ ಬರೆದುಕೊಳ್ಳಿ.