ಅಬಲೂರಿನ ತ್ರಿಪದಿ, ಕಾಯಕದ ಪಾಠ

ಕೆಲಸದ ಕಡೆ ಹೇಗಿರಬೇಕು, ಹೇಗೆ ಮಾತಾಡಬೇಕು ಎಂದು ಕಲಿಸುವ ಡೇಲ್ ಕಾರ್ನೆಗಿಯ ಜನಪ್ರಿಯ ಪುಸ್ತಕ ಹೊರಬಂದದ್ದು 1936ರಲ್ಲಿ. ಅದಕ್ಕೂ ಹನ್ನೆರಡು ವರ್ಷ ಮೊದಲು, 1924ರಲ್ಲಿ, ಕನ್ನಡಿಗರ ಕೈಗೆ ಇಂಥದೇ ಒಂದು ಪುಸ್ತಕ ಬಂದಿತ್ತು: ಸರ್ವಜ್ಞನ ವಚನಗಳು.

ಅದನ್ನು ಸಂಪಾದಿಸಿದವರು ಬಾಸೆಲ್ ಮಿಷನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು. ಹಸ್ತಪ್ರತಿಗಳಲ್ಲೂ ಜನರ ನಾಲಗೆಯಲ್ಲೂ ಚದುರಿದ್ದ ತ್ರಿಪದಿಗಳನ್ನು ಅವರು ವರ್ಷಗಟ್ಟಲೆ ಹುಡುಕಿ ಕೂಡಿಸಿದರು.

ಸರ್ವಜ್ಞನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಊರಿನ ವಿಷಯದಲ್ಲಿ ಮಾತ್ರ ಐತಿಹ್ಯ ಹಿರೇಕೆರೂರು ಸೀಮೆಯನ್ನು ಬಿಟ್ಟು ಕದಲುವುದಿಲ್ಲ. ತಂದೆ ಮಾಸೂರಿನ ಬಸವರಸ, ತಾಯಿ ಅಬಲೂರಿನ ಕುಂಬಾರಗಿತ್ತಿ ಎನ್ನುತ್ತದೆ ಅದು.

ಅಲೆಮಾರಿ ಸರ್ವಜ್ಞ ಅರಮನೆಗೆ ನೀತಿ ಬರೆದವನಲ್ಲ. ಒಕ್ಕಲಿಗ, ಅಕ್ಕಸಾಲಿ, ವ್ಯಾಪಾರಿ, ಕರಣಿಕ ಎಲ್ಲರ ಕಸುಬನ್ನೂ ಕಂಡು ಮೆಚ್ಚಿದ, ಚುಚ್ಚಿದ. ಹದವರಿತ ಮಾತು, ಸಾಲದ ಅಪಾಯ, ಮೇಟಿ ವಿದ್ಯೆಯ ಹಿರಿಮೆ ಅವನ ನೆಚ್ಚಿನ ವಿಷಯಗಳು. ಮೂರೇ ಸಾಲು, ಓದು ಬಾರದವರಿಗೂ ಬಾಯಿಪಾಠ.

ಇದಕ್ಕೆ ಭಿನ್ನವಾಗಿ, ತಮಿಳರ ನೀತಿಗ್ರಂಥ ತಿರುಕ್ಕುರಳಿನಲ್ಲಿ ಅರಸ, ಮಂತ್ರಿ, ವಾಕ್ಚಾತುರ್ಯಕ್ಕೆ ಬೇರೆಬೇರೆ ಅಧ್ಯಾಯಗಳೇ ಇವೆ. 2009ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ಅದರ ಕವಿ ತಿರುವಳ್ಳುವರ್ ಪ್ರತಿಮೆ ಅನಾವರಣಗೊಂಡಿತು. ಕೆಲವೇ ದಿನಗಳಲ್ಲಿ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನೂ ನಿಂತ.