ಕಲಬುರಗಿ ಸೀಮೆಯ ಗ್ರಾಮೀಣ ಪ್ರೌಢಶಾಲೆ: ಒಂದು ಐತಿಹಾಸಿಕ ಅವಲೋಕನ

ಕಲಬುರಗಿ ನಗರದ ಮೋಮಿನಪುರದಿಂದ ಹೊರಟು ಹುಮನಾಬಾದಿನ ಮಾರ್ಗವನ್ನು ಹಿಡಿದರೆ ಸುಮಾರು 35 ಕಿಲೋಮೀಟರುಗಳಾಚೆ ಕಮಲಾಪುರ ದೊರೆಯುತ್ತದೆ. ಈ ಅಲ್ಪ ಅಂತರದಲ್ಲಿಯೇ ಹಲವು ನುಡಿಗಳ ಜನ ಬಾಳುತ್ತಾರೆ. ಮೋಮಿನಪುರದ ಮನೆಗಳಲ್ಲಿ ದಖ್ಖನಿ ಉರ್ದು. ದಾರಿಯುದ್ದಕ್ಕೂ ಇರುವ ಹಳ್ಳಿಗಳಲ್ಲಿ ಕನ್ನಡ. ಅವುಗಳ ಅಂಚಿನ ತಾಂಡಾಗಳಲ್ಲಿ ಲಂಬಾಣಿ. ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ಬಹುಕಾಲ ಕಲಬುರಗಿ ತಾಲೂಕಿಗೆ ಸೇರಿದ್ದು ಈಚಿನ ವರ್ಷಗಳಲ್ಲಿ ತಾನೇ ಒಂದು ತಾಲೂಕು ಕೇಂದ್ರವಾಗಿದೆ. ಸುತ್ತಲಿನದು ತೊಗರಿ, ಜೋಳ ಬೆಳೆಯುವ ಮಳೆಯಾಶ್ರಿತ ನೆಲ.

ಇಂಥ ಸೀಮೆಯಲ್ಲಿ ಹಳ್ಳಿಯ ಪ್ರೌಢಶಾಲೆಗೆ ಒಂದು ವಿಶೇಷ ಸ್ಥಾನವುಂಟು. ಪ್ರಾಥಮಿಕ ಶಾಲೆ ತನ್ನ ಊರಿನದು, ತನ್ನ ಓಣಿಯದು. ಪ್ರೌಢಶಾಲೆಯಾದರೋ ನಾಲ್ಕಾರು ಊರುಗಳಿಗೆ ಒಂದು. ಒಕ್ಕಲಿಗನ ಮಗನೂ ಕೂಲಿಕಾರನ ಮಗಳೂ ಕೇರಿಯ ಹುಡುಗನೂ ತಾಂಡಾದ ಹುಡುಗಿಯೂ ಮೊದಲ ಬಾರಿಗೆ ಒಂದೇ ಹಲಗೆಯ ಮುಂದೆ ಕುಳಿತುಕೊಳ್ಳುವುದು ಎಂಟನೆಯ ತರಗತಿಯಲ್ಲಿಯೇ. ಆದುದರಿಂದ ಅದು ಕೇವಲ ಒಂದು ಕಟ್ಟಡವಲ್ಲದೆ ಬದುಕಿನ ಒಂದು ಹೊಸ್ತಿಲೂ ಆಗಿದೆ. ಈ ಹೊಸ್ತಿಲನ್ನು ದಾಟುವಾಗ ಯಾವ ಮಗು ತನ್ನ ಮನೆಯ ನುಡಿಯನ್ನು ಹೊರಗಿಟ್ಟು ಬರಬೇಕಾಯಿತು, ದಾಟಲಾರದ ಮಗುವಿನ ಕೈಹಿಡಿದವರು ಯಾರು ಎಂಬ ಎರಡು ಪ್ರಶ್ನೆಗಳಲ್ಲಿ ಈ ಭಾಗದ ಶಿಕ್ಷಣದ ಇತಿಹಾಸದ ಸಾರವೆಲ್ಲ ಅಡಗಿದೆ.

ಪ್ರಾಚೀನ ಪರಂಪರೆ

ಈ ನೆಲಕ್ಕೆ ವಿದ್ಯೆಯ ಪರಂಪರೆ ಹೊಸದಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣ ಚಾಳುಕ್ಯರ ಕಾಲದ ಘಟಿಕಾಸ್ಥಾನವೊಂದಿದ್ದುದು ಸುಪ್ರಸಿದ್ಧ. ಕ್ರಿ.ಶ. 1058ರ ಶಾಸನವು ಅಲ್ಲಿ ವೇದಾಧ್ಯಯನ ಮಾಡುವ 200 ಮಂದಿ ವಿದ್ಯಾರ್ಥಿಗಳನ್ನೂ ಶಾಸ್ತ್ರಾಧ್ಯಯನ ಮಾಡುವ ಸುಮಾರು 50 ಮಂದಿಯನ್ನೂ ಅವರ ಉಪಾಧ್ಯಾಯರನ್ನೂ ಹೆಸರಿಸುವುದಲ್ಲದೆ, ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಉಲ್ಲೇಖಿಸುತ್ತದೆ. ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ ಗವಾನನು 1472ರಲ್ಲಿ ಪೂರ್ಣಗೊಳಿಸಿದ ಮದರಸಾ ತನ್ನ ಕಾಲದ ಮಹಾವಿದ್ಯಾಲಯವಾಗಿತ್ತು. ಈ ಎರಡೂ ಸಂಸ್ಥೆಗಳಲ್ಲಿ ಒಂದು ಸಾಮ್ಯವನ್ನು ಕಾಣಬಹುದು. ವಿದ್ಯಾರ್ಥಿಗೆ ವಸತಿ, ಅನ್ನಗಳ ವ್ಯವಸ್ಥೆಯಿಲ್ಲದೆ ವಿದ್ಯೆ ನಿಲ್ಲದೆಂಬುದನ್ನು ಅವುಗಳನ್ನು ಕಟ್ಟಿದವರು ಅರಿತಿದ್ದರು. ಇನ್ನೊಂದು ಸಾಮ್ಯವೂ ಇದೆ. ಒಂದರಲ್ಲಿ ಸಂಸ್ಕೃತ, ಮತ್ತೊಂದರಲ್ಲಿ ಅರಬ್ಬಿ-ಫಾರಸಿ; ಎರಡರ ಭಾಷೆಯೂ ಉಳುವವನ ಮನೆಯ ಮಾತಾಗಿರಲಿಲ್ಲ.

ಅಂಥವನ ಮಗನಿಗಿದ್ದುದು ಕೂಲಿಮಠ. ಮಠದ ಪಡಸಾಲೆಯಲ್ಲೋ ಗುಡಿಯ ಪೌಳಿಯಲ್ಲೋ ಅಯ್ಯನವರು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ, ಲೆಕ್ಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಊರವರು ಕೊಡುವ ಕಾಳುಕಡಿಯೇ ಅವರ ಸಂಭಾವನೆ. ವಚನ, ಪುರಾಣಗಳನ್ನು ಓದಬಲ್ಲ, ಸಾಲದ ಪತ್ರವನ್ನು ಬರೆಯಬಲ್ಲ ಮಟ್ಟಕ್ಕೆ ಆ ವಿದ್ಯೆ ಮುಗಿಯುತ್ತಿತ್ತು. ಅದರ ಮೇಲಿನ ಮೆಟ್ಟಿಲು ಹಳ್ಳಿಯಲ್ಲಿರಲಿಲ್ಲ.

ನಿಜಾಮ ಸಂಸ್ಥಾನದ ಕಾಲ

ಹೈದರಾಬಾದು ಸಂಸ್ಥಾನದಲ್ಲಿ 1880ರ ದಶಕದಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದಿತು. ಆಧುನಿಕ ಶಾಲೆಗಳು ತಹತಾನಿಯಾ, ವಸ್ತಾನಿಯಾ, ಫೌಖಾನಿಯಾ ಎಂಬ ಮೂರು ಮಟ್ಟಗಳಲ್ಲಿ ಏರ್ಪಟ್ಟವು. ತಹತಾನಿಯಾ ಎಂದರೆ ಪ್ರಾಥಮಿಕ ಹಂತದಲ್ಲಿ ದೇಶಭಾಷೆಗೆ ಅಷ್ಟಿಷ್ಟು ಎಡೆಯಿತ್ತು. ಮೇಲೇರಿದಂತೆ ಉರ್ದುವೇ ಮಾಧ್ಯಮವಾಗುತ್ತಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಭಾರತೀಯ ಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮವನ್ನಾಗಿ ಮಾಡಿದ ಮಹಾಪ್ರಯೋಗ. ಅದಕ್ಕೆಂದೇ ಭಾಷಾಂತರ ಕಾರ್ಯಾಲಯವೊಂದನ್ನು ತೆರೆದು ವಿಜ್ಞಾನ, ಗಣಿತ, ಕಾನೂನುಗಳ ಪಾರಿಭಾಷಿಕ ಪದಗಳನ್ನು ಉರ್ದುವಿನಲ್ಲಿ ನಿರ್ಮಿಸಿದ ಸಾಹಸ ಮೆಚ್ಚತಕ್ಕುದೇ ಸರಿ. ಆದರೆ ಸಂಸ್ಥಾನದ ಬಹುಸಂಖ್ಯಾತ ಪ್ರಜೆಗಳ ನುಡಿ ತೆಲುಗು, ಮರಾಠಿ, ಕನ್ನಡಗಳಾಗಿದ್ದವು. ಇಂಗ್ಲಿಷಿನ ಹಂಗನ್ನು ಹರಿದುಕೊಂಡ ಆ ಪ್ರಯೋಗವೇ ಕಲಬುರಗಿಯ ಹಳ್ಳಿಯ ಮಗುವಿಗೆ ಇನ್ನೊಂದು ಅಪರಿಚಿತ ಭಾಷೆಯ ಹೊಸ್ತಿಲನ್ನು ಒಡ್ಡಿತು. ಖಾಸಗಿ ಶಾಲೆ ತೆರೆಯಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಬಂಧನೆ ಬಂದ ಮೇಲೆ ಕೂಲಿಮಠಗಳ ಬಾಳೂ ಕಠಿಣವಾಯಿತು.

ಈ ಇಕ್ಕಟ್ಟಿನ ನಡುವೆಯೂ ಕೆಲವು ದೀಪಗಳು ಉರಿದವು. ಕಲಬುರಗಿಯಲ್ಲಿ 1907ರಲ್ಲಿಯೇ ನೂತನ ವಿದ್ಯಾಲಯ ತಲೆಯೆತ್ತಿತ್ತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮದರ್ದ್ ಶಾಲೆಯನ್ನು ಕಟ್ಟಿದರು. 1934ರಲ್ಲಿ ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಮೊದಲ ಮಣೆ ಹಾಕಿದರು. ಹದಿನೆಂಟು-ಹತ್ತೊಂಬತ್ತನೆಯ ಶತಮಾನಗಳಲ್ಲಿ ಬಾಳಿದ ಶರಣಬಸವೇಶ್ವರರು ಹಸಿದವರಿಗೆ ಅನ್ನವಿಕ್ಕುವ ದಾಸೋಹದಿಂದ ಹೆಸರಾದವರು. ಅದೇ ಅಂಗಳದಲ್ಲಿ ಒಂದು ಶತಮಾನದ ತರುವಾಯ ಅಕ್ಷರದ ದಾಸೋಹವೂ ಆರಂಭವಾಯಿತೆಂಬುದು ಅರ್ಥಪೂರ್ಣ.

ನೆರೆಯ ಬೀದರ ಜಿಲ್ಲೆಯ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ (1890-1999) ಸಾಹಸ ಈ ಕಾಲದ ಪರಿಸ್ಥಿತಿಯನ್ನು ಬೇರಾವ ದಾಖಲೆಗಿಂತಲೂ ಚೆನ್ನಾಗಿ ತಿಳಿಸುತ್ತದೆ. ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡದಲ್ಲಿ ಪಾಠ ಹೇಳಿಸಿದವರು ಅವರು. ಜೋಳಿಗೆ ಹಿಡಿದು ಊರೂರು ತಿರುಗಿ ತಂದ ಕಾಳಿನಿಂದ ಬಡ ಮಕ್ಕಳನ್ನು ಮಠದಲ್ಲಿಯೇ ಇರಿಸಿಕೊಂಡು ಓದಿಸಿದರು. ಫಲಕದ ಉರ್ದು ಸರ್ಕಾರಕ್ಕೆ, ಪಾಠದ ಕನ್ನಡ ಮಗುವಿಗೆ, ಜೋಳಿಗೆಯ ಕಾಳು ಅದರ ಹೊಟ್ಟೆಗೆ. ಇವು ಮೂರೂ ಕೂಡಿದಾಗ ಮಾತ್ರ ಅಂದು ಹಳ್ಳಿಯ ಮಗುವೊಂದು ಮೇಲಿನ ತರಗತಿಗೆ ಏರುವುದು ಶಕ್ಯವಿತ್ತು.

ಉರ್ದು ಮಾಧ್ಯಮದ ಹೊಸ್ತಿಲನ್ನು ದಾಟಿಯೂ ಕನ್ನಡವನ್ನು ಬಿಡದ ಪ್ರತಿಭೆಗಳನ್ನು ಇಲ್ಲಿ ಮರೆಯಲಾಗದು. ಕೊಪ್ಪಳ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಜನಿಸಿದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ ಸಂಸ್ಥಾನದ ಆಡಳಿತ ಸೇವೆಯನ್ನು ಸೇರಿದರು. ‘ಕಾವ್ಯಾನಂದ’ರಾಗಿ ಕನ್ನಡದ ಆಧುನಿಕ ವಚನ ಸಾಹಿತ್ಯಕ್ಕೆ ಹೊಸ ಕಳೆ ತಂದರು. ರಾಯಚೂರು ಸೀಮೆಯ ಶಾಂತರಸರು ತಾವು ಅರಿತ ಉರ್ದುವಿನ ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು. ಒತ್ತಾಯದಿಂದ ಕಲಿತ ಭಾಷೆಯೂ ಇಂಥವರ ಕೈಯಲ್ಲಿ ಕನ್ನಡದ ಸಂಪತ್ತಾಯಿತು. ಆದರೆ ಇದು ದಾಟಿದವರ ಕಥೆ. ಹೊಸ್ತಿಲ ಈಚೆಗೇ ಉಳಿದು ನೇಗಿಲಿಗೆ ಮರಳಿದವರ ಸಂಖ್ಯೆ ಇದಕ್ಕಿಂತ ಎಷ್ಟೋ ಮಡಿ ಹೆಚ್ಚು. ಅವರ ಹೆಸರುಗಳು ಯಾವ ಚರಿತ್ರೆಯಲ್ಲಿಯೂ ಇಲ್ಲ.

ವಿಲೀನೀಕರಣದ ತರುವಾಯ

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. ಮರುವರ್ಷವೇ ಕಲಬುರಗಿಯಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಜರುಗಿತು. 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಅಧ್ಯಕ್ಷರಾಗಿದ್ದ ಸಮ್ಮೇಳನವೂ ಇದೇ ಊರಿನಲ್ಲಿ ನಡೆದಿತ್ತು. ಆ ಎರಡು ಸಮ್ಮೇಳನಗಳ ನಡುವಿನ 21 ವರ್ಷಗಳಲ್ಲಿ ಈ ಭಾಗದ ಕನ್ನಡಿಗರು ಕಂಡ ಕನಸು 1956ರ ನವೆಂಬರ್ 1ರಂದು ಕೈಗೂಡಿ, ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಕನ್ನಡ ರಾಜ್ಯವನ್ನು ಸೇರಿದವು.

ಶಾಲೆಯ ಒಳಗೆ ನಡೆದ ಬದಲಾವಣೆ ಅಷ್ಟು ಸುಲಭದ್ದಾಗಿರಲಿಲ್ಲ. ಉರ್ದುವಿನಲ್ಲಿ ರೇಖಾಗಣಿತವನ್ನು ಕಲಿತಿದ್ದ ಅಧ್ಯಾಪಕನು ಅದನ್ನೇ ಕನ್ನಡದಲ್ಲಿ ಹೇಳಿಕೊಡಬೇಕಾಯಿತು. ಕಚೇರಿಯ ತಹಸೀಲು, ಪಹಣಿ, ಜಮಾಬಂದಿಗಳು ಕನ್ನಡದ ಬಾಯಲ್ಲಿ ಹಾಗೆಯೇ ಉಳಿದರೂ ಪಠ್ಯದ ಪದಗಳು ಹೊಸದಾಗಿ ಬರಬೇಕಾದವು. ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದುಂಟು. ಹಿಂದೆ ಕನ್ನಡದ ಮಗು ನಿಂತಿದ್ದ ಹೊಸ್ತಿಲ ಬಳಿಯಲ್ಲಿ ಈಗ ಉರ್ದು ಮನೆಮಾತಿನ ಮಗು ನಿಂತಿತು. ಮೋಮಿನಪುರದಂಥ ನಗರದ ಬಡಾವಣೆಗಳ ಮಕ್ಕಳಿಗೆ ಉರ್ದು ಮಾಧ್ಯಮದ ಶಾಲೆಗಳೂ, ಖ್ವಾಜಾ ಬಂದೇನವಾಜರ ದರ್ಗಾದ ಆಶ್ರಯದಲ್ಲಿ ಬೆಳೆದ ಖ್ವಾಜಾ ಶಿಕ್ಷಣ ಸಂಸ್ಥೆಯಂಥವೂ ಆಸರೆಯಾದವು. ಹಳ್ಳಿಯಲ್ಲಿ ಚೆದುರಿದಂತೆ ನೆಲೆಸಿದ ಕುಟುಂಬಗಳ ಮಕ್ಕಳಿಗೆ ಇಂಥ ಅನುಕೂಲ ವಿರಳ. ಲಂಬಾಣಿ ಮಗುವಿನ ಪಾಡಂತೂ ಬೇರೆಯೇ. ನಿಜಾಮರ ಕಾಲದಲ್ಲಾಗಲಿ ಅನಂತರವಾಗಲಿ ತಾಂಡಾದ ನುಡಿ ಶಾಲೆಯ ನುಡಿಯಾಗಲಿಲ್ಲ. ಅದಕ್ಕೆ ಒಂದನೆಯ ತರಗತಿಯೇ ಮೊದಲ ಹೊಸ್ತಿಲು, ಎಂಟನೆಯದು ಎರಡನೆಯದು.

ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆ ಯಾವುದಿರಬೇಕೆಂಬ ಪ್ರಶ್ನೆ 1980ರ ದಶಕದ ಆರಂಭದಲ್ಲಿ ಗೋಕಾಕ್ ವರದಿ ಹಾಗೂ ಅದನ್ನು ಅನುಸರಿಸಿದ ಚಳವಳಿಯ ಮೂಲಕ ನಾಡನ್ನೆಲ್ಲ ಕಲಕಿತು. ಕನ್ನಡವು ಶಾಲೆಯಲ್ಲಿ ಅನಾಥವಾಗಬಾರದೆಂಬ ಆ ಚಳವಳಿಯ ಕಾಳಜಿ ನ್ಯಾಯವಾದುದು. ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂಬ ಕಾಯಿದೆ 2015ರಲ್ಲಿ ಬಂದಿತು. ಕನ್ನಡ ಮಗುವಿನ ಅಂದಿನ ಸಂಕಟವನ್ನು ಬಲ್ಲ ಕಲಬುರಗಿ ಸೀಮೆಯು, ಅನ್ಯ ಮನೆಮಾತಿನ ಮಗುವಿಗೆ ಕನ್ನಡವನ್ನು ಕಲಿಸುವಾಗ ಅಕ್ಕರೆಯಿಂದ ಕಲಿಸಬೇಕೆಂಬ ವಿವೇಕವನ್ನು ಬೇರೆಲ್ಲಿಂದಲೂ ತರಬೇಕಾಗಿಲ್ಲ. ಅದು ಈ ನೆಲದ ಅನುಭವವೇ ಕಲಿಸಿದ ಪಾಠ.

ಅನ್ನ, ದಾರಿ ಮತ್ತು ಸುಗ್ಗಿ

ನುಡಿಯಷ್ಟೇ ಹೊಸ್ತಿಲಲ್ಲ. ದೂರವೂ ಒಂದು ಹೊಸ್ತಿಲು, ಹಸಿವೂ ಒಂದು ಹೊಸ್ತಿಲು. ತೊಗರಿಯ ರಾಶಿ ನಡೆಯುವ ದಿನಗಳಲ್ಲಿ ಮಕ್ಕಳು ಹೊಲಕ್ಕೆ ಹೋಗುವುದೂ, ಕೆಲಸವರಸಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೊರಡುವ ತಂದೆತಾಯಿಗಳೊಡನೆ ಶಾಲೆ ಬಿಡುವುದೂ ಈ ಭಾಗದ ಹಳೆಯ ವ್ಯಥೆ. ಪರೀಕ್ಷೆ ಬರುವುದು ಮಾರ್ಚಿನಲ್ಲಿ; ಅದಕ್ಕೆ ಮುಂಚಿನ ತಿಂಗಳುಗಳೇ ರಾಶಿಯ, ಗುಳೆಯ ತಿಂಗಳುಗಳು. ಹೆಣ್ಣುಮಕ್ಕಳ ಪಾಲಿಗೆ ಪಕ್ಕದ ಊರಿನ ಪ್ರೌಢಶಾಲೆಯ ನಾಲ್ಕೈದು ಕಿಲೋಮೀಟರಿನ ದಾರಿಯೇ ವಿದ್ಯೆಯ ಅಂತ್ಯವಾಗುತ್ತಿತ್ತು. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಕೊಡಲಾರಂಭಿಸಿದ ಸೈಕಲ್ಲು ಅನೇಕ ಹಳ್ಳಿಗಳಲ್ಲಿ ಆ ದಾರಿಯನ್ನು ಕಿರಿದಾಗಿಸಿತು.

ಹಸಿವಿನ ವಿಷಯದಲ್ಲಿ ಈ ಭಾಗ ನಾಡಿಗೆ ಒಂದು ಹೆಸರನ್ನೇ ಕೊಟ್ಟಿತೆನ್ನಬಹುದು. ಶಾಲಾ ಮಕ್ಕಳಿಗೆ ಬಿಸಿಯೂಟವಿಕ್ಕುವ ಯೋಜನೆಯನ್ನು ಕರ್ನಾಟಕ ಸರ್ಕಾರ 2002ರಲ್ಲಿ ಆರಂಭಿಸಿದ್ದು ಕಲಬುರಗಿ, ಬೀದರ, ರಾಯಚೂರು, ಕೊಪ್ಪಳ ಮೊದಲಾದ ಏಳು ಜಿಲ್ಲೆಗಳಲ್ಲಿ. ಅದಕ್ಕಿಟ್ಟ ಹೆಸರು ‘ಅಕ್ಷರ ದಾಸೋಹ’. 2007-08ರಲ್ಲಿ ಅದು ಪ್ರೌಢಶಾಲೆಯ ಮಕ್ಕಳಿಗೂ ವಿಸ್ತರಿಸಿತು. ಶರಣರ ಪರಿಭಾಷೆಯಲ್ಲಿ ದಾಸೋಹವೆಂದರೆ ಕೊಡುವವನಲ್ಲಿ ‘ನಾನು ಕೊಟ್ಟೆ’ ಎಂಬ ಭಾವವಿಲ್ಲದ ಸೇವೆ. ಸರ್ಕಾರಿ ಯೋಜನೆಯೊಂದು ಆ ಹೆಸರನ್ನು ಹೊತ್ತಾಗ ಅದರ ಹೊಣೆಯೂ ಹಿರಿದಾಗುತ್ತದೆ. ಪಂಕ್ತಿಯಲ್ಲಿ ಯಾರನ್ನೂ ಬೇರೆ ಕೂಡಿಸದಿರುವುದು ಆ ಹೊಣೆಯ ಮೊದಲ ಭಾಗ. ಅಕ್ಷರವೂ ಅನ್ನದಷ್ಟೇ ಸಮನಾಗಿ ಬಡಿಸಲ್ಪಡಬೇಕೆಂಬುದು ಎರಡನೆಯ ಭಾಗ.

ಉಳಿದ ಕಾರ್ಯ

ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಅವುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವೇ ಆಗಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75ರಷ್ಟಿದ್ದರೆ ಈ ಜಿಲ್ಲೆಯದು ಶೇಕಡಾ 65ರ ಆಸುಪಾಸಿನಲ್ಲಿತ್ತು. ಸ್ತ್ರೀಯರಲ್ಲಿ ಅದು ಶೇಕಡಾ 55. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಬಂದ 371ಜೆ ವಿಧಿ 2013ರಿಂದ ಜಾರಿಯಾಗಿ, ಈ ಭಾಗದವರಿಗೆ ಉನ್ನತ ವಿದ್ಯೆಯಲ್ಲಿಯೂ ನೌಕರಿಯಲ್ಲಿಯೂ ಸ್ಥಾನಗಳನ್ನು ಮೀಸಲಿರಿಸಿತು. ದೀರ್ಘಕಾಲದ ಹೋರಾಟದ ಫಲವಿದು. ಆದರೆ ಮೀಸಲಿಟ್ಟ ಪೀಠವನ್ನೇರಲು ಪ್ರೌಢಶಾಲೆಯ ಹೊಸ್ತಿಲನ್ನು ದಾಟಿದವನಿಗೆ ಮಾತ್ರ ಸಾಧ್ಯ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ 91ಕ್ಕೂ ಮಿಗಿಲಾದ ಫಲಿತಾಂಶ ಪಡೆದು ಮೊದಲಿಗೆ ನಿಂತರೆ, ಕಲಬುರಗಿ ಶೇಕಡಾ 42.43ರೊಡನೆ ಕೊನೆಯಲ್ಲಿ ನಿಂತಿತು. ಪರೀಕ್ಷೆಗೆ ಕುಳಿತ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚಿನವರು ಆ ಬಾರಿ ಹೊಸ್ತಿಲ ಈಚೆಗೇ ಉಳಿದರು.

ಈ ಸಂಖ್ಯೆಯನ್ನು ಮಕ್ಕಳ ಅಥವಾ ಅಧ್ಯಾಪಕರ ದೋಷವೆಂದಷ್ಟೇ ಎಣಿಸುವುದು ಇತಿಹಾಸವನ್ನು ಅರಿಯದವರ ಮಾತಾದೀತು. ತಲೆಮಾರಿನಿಂದ ತಲೆಮಾರಿಗೆ ಶಾಲೆಯ ಭಾಷೆ ಬದಲಾದ, ಮೇಲಿನ ತರಗತಿ ಬಹುಕಾಲ ಹಳ್ಳಿಯನ್ನೇ ಮುಟ್ಟದ ನೆಲವಿದು. ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಹತ್ತನೆಯ ತರಗತಿ ದಾಟಿದ ಮಗುವಿಗೆ ವಿಜ್ಞಾನದ ಮುಂದಿನ ಓದು ಇಂದು ಇಂಗ್ಲಿಷಿನ ಇನ್ನೊಂದು ಹೊಸ್ತಿಲನ್ನು ಒಡ್ಡುತ್ತದೆ. ಒಂದು ಕಾಲಕ್ಕೆ ಪರಸ್ಪರ ಎದುರು ನಿಂತಂತೆ ತೋರಿದ ಎರಡು ನುಡಿಗಳ ಮಕ್ಕಳು ಈಗ ಒಂದೇ ಬಾಗಿಲ ಮುಂದೆ ಒಟ್ಟಿಗೆ ನಿಂತಿದ್ದಾರೆ.

ಭಾಲ್ಕಿಯ ಪಟ್ಟದ್ದೇವರು ಫಲಕವನ್ನು ಕುರಿತು ವಾದಕ್ಕೆ ನಿಲ್ಲಲಿಲ್ಲ. ಒಳಗೆ ಕುಳಿತ ಮಗುವಿಗೆ ಏನು ತಿಳಿಯುತ್ತಿದೆ, ಅದು ಉಂಡಿದೆಯೇ ಎಂಬುದನ್ನು ನೋಡಿದರು. ಶಾಲೆಯ ಸುತ್ತಲಿನ ಸಮುದಾಯ, ಅಂದರೆ ಮಠ, ದರ್ಗಾ, ಪಂಚಾಯತಿ, ಹಳೆಯ ವಿದ್ಯಾರ್ಥಿಗಳು, ತಾಂಡಾದ ಹಿರಿಯರು, ಗುಳೆ ಹೋಗುವ ಮನೆಯ ಮಗುವನ್ನು ಸುಗ್ಗಿ ಮುಗಿಯುವವರೆಗೆ ಊರಿನಲ್ಲಿಯೇ ಇರಿಸಿಕೊಂಡು ಊಟವಿಕ್ಕಿ ಓದಿಸುವಷ್ಟು ಭಾರವನ್ನು ಹೊತ್ತರೆ ಮಾರ್ಚಿನ ಪರೀಕ್ಷೆ ಆ ಮಗುವಿಗೆ ಅಷ್ಟು ದೂರದ್ದಾಗದು. ನಾಗಾವಿಯ ಘಟಿಕೆಯನ್ನು ಕಟ್ಟಿದವರಿಗೂ ಶರಣಬಸವೇಶ್ವರರ ದಾಸೋಹವನ್ನು ನಡೆಸಿದವರಿಗೂ ತಿಳಿದಿದ್ದ ಮಾತು ಇದು. ಮೋಮಿನಪುರದಿಂದ ಕಮಲಾಪುರದವರೆಗಿನ ಪ್ರತಿಯೊಂದು ಪ್ರೌಢಶಾಲೆಯ ಬಾಗಿಲಲ್ಲಿ ಇಂದು ಆಗಬೇಕಾಗಿರುವ ಕೆಲಸವೂ ಇದೇ.